ಕಿಟಕಿಯ ಕಡೆ, ಅಡುಗೆಮನೆಯ ಕಡೆ

ಪುಣೆಯ ಪುಲಗೇಟಿನ ಬಸ್ ನಿಲ್ದಾಣದ ಹಿಂದಿರುವ ನಮ್ಮ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ, ನನ್ನ ಎದುರುಮನೆಯಲ್ಲಿ, ಗೇಣುದ್ದದ ಹಿತ್ತಾಳೆಯ ವೀರಭದ್ರನೊಬ್ಬನಿದ್ದ. ಅವನನ್ನು ನಾಲ್ಕು ಕಾಲಿನ ಪುಟ್ಟ ಮರದ ಪೀಠದ ಮೇಲೆ ನಿಲ್ಲಿಸಿದ್ದರು. ಅವನ ಬಲಗೈ ಕಡೆ ಕಿಟಕಿ, ಎಡಗೈ ಕಡೆ ಅಡುಗೆಮನೆ. ಮನೆಯ ಯಜಮಾನ ಈರಣ್ಣ ಸ್ನಾನ ಮಾಡಿ ಬಂದು, ಒದ್ದೆ ಸೇವಂತಿಗೆಯೊಂದನ್ನು ದೇವರ ಕಿರೀಟದ ಮೇಲಿಟ್ಟು, ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಹೇಳಿ ಕೈಮುಗಿದು ನಿಲ್ಲುತ್ತಿದ್ದ. ಹೂವು ಜಾರಿ ಕಿಟಕಿಯ ಕಡೆ ಬಿದ್ದರೆ ಅಪ್ಪಣೆಯಾಯಿತು. ಅಡುಗೆಮನೆಯ ಕಡೆ ಬಿದ್ದರೆ ಇಲ್ಲ. ಇದಕ್ಕೆ ನಮ್ಮ ಕಡೆ ಪ್ರಸಾದ ಕೇಳುವುದು ಎನ್ನುತ್ತಾರೆ. ಊರಿನಲ್ಲಿ ಜನ ಮದುವೆಗೋ ಮನೆ ಕಟ್ಟುವುದಕ್ಕೋ ಕೇಳುತ್ತಾರೆ. ಈರಣ್ಣ ಕೊಡೆ ಒಯ್ಯುವುದೋ ಬೇಡವೋ ಎಂಬುದನ್ನೂ ಕೇಳುತ್ತಿದ್ದ.

ಗದಗಿನ ಕಡೆಯ ಸಾಧು ಮನುಷ್ಯ. ಕ್ಯಾಂಪಿನ ಒಂದು ಕಚೇರಿಯಲ್ಲಿ ಆವಕ-ಜಾವಕದ ಗುಮಾಸ್ತ. ಅಂದರೆ ಒಳಗೆ ಬಂದ ಕಾಗದಗಳನ್ನು ಒಂದು ದಪ್ಪ ಪುಸ್ತಕದಲ್ಲಿಯೂ ಹೊರಗೆ ಹೋಗುವ ಕಾಗದಗಳನ್ನು ಇನ್ನೊಂದು ದಪ್ಪ ಪುಸ್ತಕದಲ್ಲಿಯೂ ಬರೆದಿಡುವ ಕೆಲಸ. ಮೂವತ್ತು ವರ್ಷಗಳಲ್ಲಿ ಒಂದು ಕಾಗದವನ್ನೂ ಕಳೆದವನಲ್ಲ. ಒಂದು ಕಾಗದದ ಮೇಲೂ ತನ್ನ ಅಭಿಪ್ರಾಯ ಬರೆದವನೂ ಅಲ್ಲ.

ಇಪ್ಪತ್ತಾರು ವರ್ಷ ಆ ಸಂಸಾರ ವೀರಭದ್ರನ ಅಪ್ಪಣೆಯಂತೆ ನಡೆದು ಯಾವ ತೊಂದರೆಗೂ ಸಿಕ್ಕಿರಲಿಲ್ಲ. ನಾಗಪುರಕ್ಕೆ ವರ್ಗವಾಗಿ ಹೋಗಲೇ ಎಂದು ಕೇಳಿದಾಗ ಹೂವು ಅಡುಗೆಮನೆಯ ಕಡೆ ಬಿತ್ತು. ಅವನ ಬದಲಿಗೆ ಹೋದವನು ಅಲ್ಲಿ ಮೂರು ಬೇಸಿಗೆ ಬೆಂದು ಬಂದ. ಮಗಳು ಶಿವಾನಿಯನ್ನು ಡಿಪ್ಲೊಮಾಕ್ಕೆ ಸೇರಿಸಲೇ ಎಂದಾಗ ಹೂವು ಇಟ್ಟ ಕೈ ತೆಗೆಯುವುದರೊಳಗೆ ಕಿಟಕಿಯ ಕಡೆ ಬಿತ್ತು. ಸ್ಕೂಟರ್ ಕೊಳ್ಳಲೇ ಎಂದು ಮೂರು ಸಲ ಕೇಳಿದ್ದ. ಮೂರೂ ಸಲ ಅಡುಗೆಮನೆಯ ಕಡೆ. ಅದಕ್ಕೆ ಮೊದಲು ಭಾವಮೈದುನನ ಸ್ಕೂಟರನ್ನು ಒಂದು ಭಜಿ ಗಾಡಿಯೊಳಗೆ ನುಗ್ಗಿಸಿದ್ದನೆಂಬುದು ದೇವರಿಗೂ ಗೊತ್ತಿತ್ತು.

ದೇವರಿಗೆ ಗೊತ್ತಾದದ್ದು ಹೇಗೆಂಬುದು ನನಗೆ ತಿಳಿದದ್ದು ೧೯೯೫ರ ನವರಾತ್ರಿಯಲ್ಲಿ. ದೇವರನ್ನು ತಿಕ್ಕಲು ಈರಣ್ಣನ ಹೆಂಡತಿ ಕಲ್ಲವ್ವನಿಗೆ ನೆರವಾಗಲು ಹೋಗಿದ್ದೆ. ಈ ಕಟ್ಟಡಕ್ಕೆಲ್ಲ ನಾನು ಮೌಶಿ, ಅಂದರೆ ಚಿಕ್ಕಮ್ಮ. ಪೀಠ ಎತ್ತಿದಾಗ ಎರಡು ಕಾಲುಗಳ ಅಡಿಯಿಂದ ಮಡಚಿದ ಬಸ್ ಟಿಕೀಟುಗಳು ಉದುರಿದವು.

"ಇದೇನು ಕಲ್ಲವ್ವಾ?" ಎಂದೆ.

ಅವಳು ನಾಚಲೂ ಇಲ್ಲ, ಅಂಜಲೂ ಇಲ್ಲ. "ದೇವ್ರಿಗೆ ಊರ ಮಂದಿ ಮನಿ ಎಲ್ಲಾ ನೋಡೂದಿರತದಲ್ರೀ ಮೌಶಿ. ನಮ್ಮ ಮನಿ ಮಟ್ಟಿಗೆ ನಾನೂ ಒಂಚೂರು ಕೈ ಹಚ್ಚತೀನಿ."

ಹೂವು ಕಿಟಕಿಯ ಕಡೆ ಬೀಳಬೇಕಾದರೆ ಅಡುಗೆಮನೆಯ ಕಡೆಯ ಕಾಲುಗಳಿಗೆ ಟಿಕೀಟು. ಅಡುಗೆಮನೆಯ ಕಡೆ ಬೀಳಬೇಕಾದರೆ ಕಿಟಕಿಯ ಕಡೆಯ ಕಾಲುಗಳಿಗೆ. ಗಂಡ ಕಚೇರಿಯಿಂದ ಬಂದು ಅಂಗಿ ಕಳಚಿದ ಮೇಲೆ ಜೇಬಿನ ಟಿಕೀಟುಗಳನ್ನು ತೆಗೆದು ಹಳೆಯ ಅರಿಸಿನದ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ನಾನು ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಓದಿದವಳು. ರಾಜ್ಯಗಳು ಏಳುವುದಕ್ಕೂ ಬೀಳುವುದಕ್ಕೂ ಕಾರಣಗಳನ್ನು ಪುಟಗಟ್ಟಲೆ ಬರೆದು ಪಾಸಾದವಳು. ಬಸ್ ಟಿಕೀಟು ಎಂಬ ಕಾರಣವನ್ನು ಒಮ್ಮೆಯೂ ಬರೆದಿರಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಕಲ್ಲವ್ವನಿಗೆ ಮಾತು ಕೊಟ್ಟೆ. ಅವಳು ನನಗೊಂದು ಬಟ್ಟಲು ಹುಗ್ಗಿ ಕೊಟ್ಟಳು.

ಈಗ ಹೇಳುವ ಪ್ರಸಂಗ ನಡೆದದ್ದು ೧೯೯೯ರಲ್ಲಿ. ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಒಂದು ಚರ್ಚೆಯನ್ನು ಇಟ್ಟುಕೊಂಡಿದ್ದರು: "ಸಾಹಿತ್ಯ ಮತ್ತು ಇತಿಹಾಸದಲ್ಲಿ ದೊಡ್ಡದು ಯಾವುದು, ವಿಧಿಯೋ ಪುರುಷಪ್ರಯತ್ನವೋ?" ಪುರುಷಪ್ರಯತ್ನದ ಪರವಾಗಿ ಮಾತನಾಡಬೇಕಿದ್ದ ಸೊಲ್ಲಾಪುರದ ಪ್ರಾಧ್ಯಾಪಕರು ಎಷ್ಟು ಪ್ರಯತ್ನಿಸಿದರೂ ಬರಲಾಗುವುದಿಲ್ಲವೆಂದು ಕಾಗದ ಬರೆದರು. ಸಂಘದ ಕಾರ್ಯದರ್ಶಿ ಲೋಕನಾಥ, ಕುಂದಾಪುರದ ಕಡೆಯವರು, ಕ್ಯಾಂಪಿನಲ್ಲಿ ಹೋಟೆಲಿಟ್ಟವರು. ಅವರ ಹೋಟೆಲಿನಲ್ಲಿಯೇ ಸಭೆ ಕೂಡಿತು.

"ವಿಧಿಯ ಪಕ್ಷಕ್ಕೆ ನಾನೇ ಉಂಟು. ಪ್ರಯತ್ನದ ಪಕ್ಷಕ್ಕೆ ಜನವೇ ಇಲ್ಲ ಮಾರಾಯ್ರೆ!" ಎಂದು ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಮೂಲೆಯಲ್ಲಿ ಗೋಳಿಬಜೆ ತಿನ್ನುತ್ತಿದ್ದ ಈರಣ್ಣನಿಗೆ ಆಗ ಏನನ್ನಿಸಿತೋ, "ಈ ವಿಷಯದ ಮ್ಯಾಲೆ ನಂದು ಇಪ್ಪತ್ತಾರು ವರ್ಷದ ಅಭ್ಯಾಸ ಅದ್ರೀ" ಎಂದುಬಿಟ್ಟ. ಅವನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಆದರೆ ಲೋಕನಾಥ ಮರುದಿನವೇ ಆಮಂತ್ರಣ ಪತ್ರಿಕೆಯಲ್ಲಿ "ಚಿಂತಕರು ಹಾಗೂ ಸಂಶೋಧಕರು" ಎಂದು ಅವನ ಹೆಸರಿನ ಮುಂದೆ ಅಚ್ಚು ಹಾಕಿಸಿದರು. ಕಚೇರಿಯ ಸಾಹೇಬರು ಅದನ್ನು ನೋಡಿ, ಮೂವತ್ತು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಕುರ್ಚಿ ತೋರಿಸಿ ಕೂತುಕೊಳ್ಳಿ ಎಂದರಂತೆ. ಮನುಷ್ಯ ಗಾಬರಿಯಾದ. ಮನೆಗೆ ಬಂದು, ಸ್ನಾನ ಮಾಡಿ, ಹೂವಿಟ್ಟು ಕೈಮುಗಿದ:

"ತಂದೆ ವೀರಭದ್ರಾ, ಮನುಷ್ಯಾಗ ಯಾರ ಅಪ್ಪಣೇನೂ ಬೇಕಾಗಿಲ್ಲ ಅಂತ ಸಭಾದಾಗ ಮಾತಾಡಬೇಕಾಗ್ಯದ. ಮಾತಾಡ್ಲಿ ಅಂದ್ರ ಅಪ್ಪಣೆ ಕೊಡು."

ಹೂವು ಕಿಟಕಿಯ ಕಡೆ ಬಿತ್ತು. ಗಂಡ ವೇದಿಕೆಯ ಮೇಲೆ ನಿಂತದ್ದನ್ನು ಒಮ್ಮೆ ನೋಡಬೇಕೆಂಬ ಆಸೆ ಕಲ್ಲವ್ವನಿಗಿತ್ತು.

ಅಂದಿನಿಂದ ಈರಣ್ಣ ದಿನವೂ ಸಂಜೆ ನೋಟುಪುಸ್ತಕ ಹಿಡಿದು ನನ್ನ ಮನೆಗೆ ಬರತೊಡಗಿದ.

"ಮೌಶಿ, ವಿಧಿಯನ್ನ ಗೆದ್ದಾವ್ರದು ಒಂದು ಕಥಿ ಹೇಳ್ರಿ."

ನನಗೆ ಥಟ್ಟನೆ ನೆನಪಾದದ್ದು ಹಾವಿನ ಶಾಪಕ್ಕೆ ಅಂಜಿ ಎತ್ತರದ ಗೋಪುರ ಕಟ್ಟಿಸಿಕೊಂಡು ಕುಳಿತ ರಾಜ. ಆದರೆ ಹಾವು ಹುಳುವಾಗಿ ಹಣ್ಣಿನೊಳಗೆ ಕುಳಿತು ಗೋಪುರ ಹತ್ತಿತು. ಆಮೇಲೆ ನೆನಪಾದದ್ದು ಜೂಜಾಡಿ ರಾಜ್ಯ ಕಳೆದುಕೊಂಡವನು.

"ಎಲ್ಲಾರೂ ಸೋತಾವ್ರ ಆದ್ರಲ್ರೀ!" ಎಂದು ಈರಣ್ಣ ಪೆನ್ನು ಮುಚ್ಚಿದ. "ಸಾಹಿತ್ಯ ಬ್ಯಾಡ. ಇತಿಹಾಸಕ್ಕ ಬರ್ರಿ."

ಈ ಊರಿನಲ್ಲಿ ಇತಿಹಾಸಕ್ಕೇನು ಬರ? ಶನಿವಾರವಾಡೆಯ ಬಗ್ಗೆ ಇಲ್ಲಿಯ ಜನ ಹೇಳುವ ಹಳೆಯ ಕಥೆಯನ್ನು ಹೇಳಿದೆ. ಎಳೆಯ ಪೇಶ್ವೆಯನ್ನು ಹಿಡಿಯಿರಿ ಎಂದು ಬರೆದ ಹುಕುಮನ್ನು ನಡುವೆ ಯಾರೋ ತಿದ್ದಿ, ಕೊಲ್ಲಿರಿ ಎಂದು ಮಾಡಿದರಂತೆ.

ಈರಣ್ಣನ ಮುಖ ಬಿಳಿಚಿಕೊಂಡಿತು. "ಆ ಕಾಗದಾ ಜಾವಕದಾಗ ನೋಂದ ಆಗಿರಲಿಲ್ಲೇನ್ರೀ? ನಕಲು ಇಟ್ಟಿರಲಿಲ್ಲ? ಮೌಶಿ, ಒಬ್ಬ ಛಲೋ ಗುಮಾಸ್ತ ಇದ್ದಿದ್ರ ಪೇಶ್ವೆ ಉಳೀತಿದ್ದಾ!"

ಪಾತ್ರೆ ಹಿಂದಿರುಗಿಸಲು ಬಂದಿದ್ದ ಕಲ್ಲವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ತಿದ್ದಿದ್ದು ಯಾರಂತ್ರೀ?" ಎಂದಳು.

"ಮನೆಯ ಹೆಣ್ಣುಮಗಳೇ ಅಂತಾರ."

ಕಲ್ಲವ್ವ ಪಾತ್ರೆಯನ್ನು ಮೆಲ್ಲಗೆ ಇಟ್ಟು, ಸಾರು ಕುದೀಲಿಕ್ಕೆ ಹತ್ತೇದ ಎಂದು ಹೇಳಿ ಹೋದಳು.

ಇದೇ ಹೊತ್ತಿಗೆ ಶಿವಾನಿಗೆ ಒಂದು ಕಾಗದ ಬಂತು. ಅವಳು ಅಳತೆಯ ಉಪಕರಣಗಳ ಡಿಪ್ಲೊಮಾ ಮುಗಿಸಿದ್ದಳು. ರಾಂಜಣಗಾಂವದಲ್ಲಿ ಹೊಸದಾಗಿ ಎದ್ದ ಕಾರಖಾನೆಯೊಂದರಲ್ಲಿ ಎರಡು ವರ್ಷದ ತರಬೇತಿ, ಆಮೇಲೆ ಖಾಯಂ ನೌಕರಿ. ಸೋಮವಾರ ಬೆಳಗ್ಗೆ ಹಾಜರಾಗಬೇಕು. ಕಾರಖಾನೆಯ ಬಸ್ಸು ಪುಲಗೇಟಿನಿಂದ ಐದೂಮುಕ್ಕಾಲಿಗೆ ಹೊರಡುತ್ತದೆ. ಬರುವಾಗ ಕರಾರು ಪತ್ರಕ್ಕೆ ತಂದೆಯದೋ ಬೇರೆ ಹಿರಿಯರದೋ ಜಾಮೀನು ಸಹಿ ಇರಬೇಕು. ಇಲ್ಲದಿದ್ದರೆ ಆ ಜಾಗ ಪಟ್ಟಿಯಲ್ಲಿದ್ದ ಮುಂದಿನ ಹುಡುಗನಿಗೆ.

ಈರಣ್ಣ ಕಾಗದವನ್ನು ಎರಡೂ ಕಡೆ ಓದಿ, ಬಂದ ತಾರೀಖು ಬರೆದು, ಜೇಬಿನಲ್ಲಿಟ್ಟುಕೊಂಡ. "ಭಾಷಣ ಒಂದ್ ಮುಗೀಲಿ ಮಗಾ. ರವಿವಾರ ಮುಂಜಾನೆ ವೀರಭದ್ರನ್ನ ಕೇಳೂಣಂತ" ಎಂದ.

ಚರ್ಚೆಯೂ ಆ ರವಿವಾರ ಸಂಜೆಯೇ ಇತ್ತು.

ಶನಿವಾರ ಮಧ್ಯಾಹ್ನ ಶಿವಾನಿ ನನ್ನ ಮನೆಗೆ ಬಂದು ಕುಳಿತಳು. ನಾನು ಎಂದೆ, "ಹಿರಿಯರ ಸಹಿ ಆದ್ರೂ ನಡೀತದಲ್ಲ, ಬೇಕಾದ್ರ ನಾ ಹಾಕತೀನಿ."

"ನೀವು ಹಾಕಿದ್ರ ಕಂಪನಿಗೆ ನಡೀತದ ಮೌಶಿ," ಎಂದಳು ಹುಡುಗಿ. "ನನಗ ನಡಿಯೂದಿಲ್ಲ."

ನನಗೆ ಕಲ್ಲವ್ವನ ಮೇಲೆ ನಂಬಿಕೆಯಿತ್ತು. ಡಿಪ್ಲೊಮಾಕ್ಕೆ ಹಾದಿ ಮಾಡಿಕೊಟ್ಟ ಕೈ ನೌಕರಿಗೆ ಮಾಡಿಕೊಡದೇ? ಆದರೂ ಸಂಜೆ ಅವರ ಮನೆಗೆ ಹೋಗಿ ಪೀಠದತ್ತ ಬಗ್ಗಿ ನೋಡಿದೆ. ಟಿಕೀಟುಗಳಿದ್ದವು, ದಪ್ಪನಾಗಿಯೇ ಇದ್ದವು. ಆದರೆ ಕಿಟಕಿಯ ಕಡೆಯ ಕಾಲುಗಳ ಅಡಿಯಲ್ಲಿದ್ದವು. ನಾಳೆ ಹೂವು ಬೀಳುವುದು ಅಡುಗೆಮನೆಯ ಕಡೆಗೆ.

"ಕಲ್ಲವ್ವಾ, ಮರತು ಆಕಡಿ ಇಟ್ಟೀಯೇನ?"

ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ನಿಂತಳು. "ಮರತಿಲ್ರೀ. ಐದೂಮುಕ್ಕಾಲಕ್ಕ ಇನ್ನಾ ಕತ್ತಲಿರತದ. ರಾಂಜಣಗಾಂವ ಅಂದ್ರ ಎಲ್ಲೆ, ಪುಲಗೇಟ್ ಅಂದ್ರ ಎಲ್ಲೆ! ಅಕಿ ತಿರುಗಿ ಬರೂತನಕಾ ನಾ ಈ ಕಿಟಕಿ ಹಿಡಕೊಂಡು ನಿಂದ್ರಬೇಕು. ಎರಡು ವರ್ಷಾ ನಿಂದ್ರೂ ಶಕ್ತಿ ನನ್ನ ಕಾಲಾಗಿಲ್ಲ." ಕಣ್ಣು ತುಂಬಿದ್ದವು. ನನಗೆ ಚಹ ತರುತ್ತೇನೆಂದು ಒಳಗೆ ಹೋದಳು.

ಅಂಜಿದ ತಾಯಿಗೆ ಏನು ಹೇಳಬೇಕೆಂದು ಯಾವ ಕಾಲೇಜಿನಲ್ಲಿಯೂ ಕಲಿಸುವುದಿಲ್ಲ. ಮುಂದೆ ನಾನು ಮಾಡಿದ್ದನ್ನು ಹೇಳಲು ಇಂದಿಗೂ ಸಂಕೋಚವಾಗುತ್ತದೆ. ನನ್ನ ಕೈಚೀಲದಲ್ಲಿ ಅಕ್ಕ ಬರೆದ ಪೋಸ್ಟ್‌ಕಾರ್ಡುಗಳಿದ್ದವು. ಅವನ್ನು ಹರಿದು, ಒತ್ತಾಗಿ ಮಡಚಿ, ಮೊಣಕಾಲೂರಿ ಕುಳಿತು, ಅಡುಗೆಮನೆಯ ಕಡೆಯ ಎರಡು ಕಾಲುಗಳ ಅಡಿಗೆ ತುರುಕಿದೆ. ಎಪ್ಪತ್ತು ತುಂಬಿದ ಮೇಲೆ ದೇವರ ಪೀಠವನ್ನು ಎತ್ತುವುದು ಸುಲಭದ ಕೆಲಸವಲ್ಲ. ಎದ್ದು ನಿಲ್ಲಲು ಆ ವೀರಭದ್ರನ ಭುಜವನ್ನೇ ಹಿಡಿದುಕೊಳ್ಳಬೇಕಾಯಿತು. ಅವನು ಹಿಡಿದುಕೊಳ್ಳಗೊಟ್ಟ. ಕಲ್ಲವ್ವ ತಂದ ಚಹವನ್ನು ತಲೆತಗ್ಗಿಸಿ ಕುಡಿದು ಬಂದೆ.

ರವಿವಾರ ಬೆಳಗ್ಗೆ ಏಳಕ್ಕೆ ಈರಣ್ಣ ಹೂವಿಟ್ಟ. ಕಲ್ಲವ್ವ ಅಡುಗೆಮನೆಯ ಬಾಗಿಲಲ್ಲಿ, ನಾನು ಪಡಸಾಲೆಯ ಬಾಗಿಲಲ್ಲಿ, ಶಿವಾನಿ ಗೋಡೆಗೊರಗಿ. ಹೂವು ಯಾವತ್ತೂ ಚಹ ಕುದಿಯುವುದರೊಳಗೆ ಬೀಳುತ್ತಿತ್ತು. ಅಂದು ಚಹ ಕುದಿಯಿತು, ಸೋಸಿದ್ದಾಯಿತು, ಆರಿತು. ಹೂವು ಅಲ್ಲಿಯೇ ಇತ್ತು.

ಏಳೂವರೆಯಾಯಿತು. ಪ್ರಶ್ನೆ ಸರಿಯಾಗಿ ಹೇಳಲಿಲ್ಲವೇನೋ ಎಂದು ಈರಣ್ಣ ಮತ್ತೊಮ್ಮೆ, ಈ ಸಲ ಕಚೇರಿಯ ಪದ್ಧತಿಯಂತೆ ಹೇಳಿದ: "ವಿಷಯ: ಕುಮಾರಿ ಶಿವಾನಿ ಇವರ ಕರಾರು ಪತ್ರಕ್ಕೆ ಸಹಿ ಮಾಡುವ ಬಗ್ಗೆ. ದಯಮಾಡಿ ತಮ್ಮ ಆದೇಶ ಆಗಬೇಕು."

ಆದೇಶವಾಗಲಿಲ್ಲ. ಕಲ್ಲವ್ವ ಪೀಠದ ಕಡೆ ಕಳ್ಳನೋಟ ಬೀರಿದಳು. ನಾನೂ ಬೀರಿದೆ. ನಮ್ಮ ನೋಟಗಳು ನಡುವೆ ಕೂಡಿದವು. ಇಬ್ಬರೂ ಗೋಡೆಯ ಕ್ಯಾಲೆಂಡರನ್ನು ನೋಡತೊಡಗಿದೆವು.

ಎಂಟಕ್ಕೆ ಮೇಲಿನ ಮಹಡಿಯ ಅಂಬಾಬಾಯಿ ಮೊಸರು ಕೇಳಲು ಬಂದರು. ಮರಾಠಿಯವರು. ನಲವತ್ತು ವರ್ಷ ನಮ್ಮ ನಡುವೆಯಿದ್ದು ಕನ್ನಡವನ್ನು ತಮ್ಮದೇ ರೀತಿಯಲ್ಲಿ ಕಲಿತವರು. ವಿಷಯ ತಿಳಿದದ್ದೇ ಬಾಯಿಯ ಮೇಲೆ ಬೆರಳಿಟ್ಟರು. "ಅಗಬಾಯಿ! ಫ್ಯಾನ್ ಬಂದ್ ಮಾಡು ಕಲ್ಲವ್ವಾ! ಗಾಳಿಲೆ ಬಿದ್ದರ ದೇವ್ರ ಉತ್ತರ ಹೆಂಗ ಆಗ್ತದ?"

ಫ್ಯಾನು ನಿಂತಿತು. ಅಷ್ಟಕ್ಕೇ ಅವರಿಗೆ ಸಮಾಧಾನವಾಗಲಿಲ್ಲ. ನಮ್ಮ ಕಟ್ಟಡ ಎಷ್ಟು ಹಳೆಯದೆಂದರೆ ಕೆಳಗೆ ಯಾರಾದರೂ ಕೆಮ್ಮಿದರೆ ಮೇಲೆ ತಟ್ಟೆಗಳು ನಡುಗುತ್ತವೆ. ಅಂಬಾಬಾಯಿ ಮಹಡಿಯಿಂದ ಮಹಡಿಗೆ ಹೋಗಿ, ಹೂವು ಬೀಳುವ ತನಕ ಯಾರೂ ಕುಕ್ಕರ್ ಇಡಬಾರದು, ಮಿಕ್ಸರ್ ಹಚ್ಚಬಾರದು, ಬಟ್ಟೆ ಬಡಿಯಬಾರದು ಎಂದು ಹೇಳಿ ಬಂದರು. ರವಿವಾರವಾದ್ದರಿಂದ ಎಲ್ಲ ಮನೆಗಳಲ್ಲೂ ಗಂಡಸರು, ಮಕ್ಕಳು ಇದ್ದರು. ಯಾರೂ ಎದುರು ಮಾತನಾಡಲಿಲ್ಲ. ನಿನ್ನೆಯ ಭಾಕರಿಗೆ ಮೊಸರು ಹಚ್ಚಿಕೊಂಡು ತಿಂದರು. ಕೆಳಗಿನ ಮನೆಯ ಹೊಸ ಸೊಸೆ ಬಳೆಗಳನ್ನೂ ಮೊಣಕೈಗೆ ಏರಿಸಿಕೊಂಡು ಓಡಾಡುತ್ತಿದ್ದುದನ್ನು ನಾನೇ ನೋಡಿದೆ.

ಒಂಬತ್ತಕ್ಕೆ ಸೊಸಾಯಟಿಯ ಚೇರ್ಮನ್ ಸುಂದರರಾವ್ ಬಂದರು. ಬೆಳಗಾವಿ ಕಡೆಯವರು, ದೇಹೂ ರೋಡಿನ ಮಿಲಿಟರಿ ಉಗ್ರಾಣದಿಂದ ನಿವೃತ್ತರಾದವರು.

"ಏನಿದು ಈರಣ್ಣಾ? ನಾಲ್ಕು ಮಹಡಿ ಮಂದಿ ಉಪವಾಸ ಕೂತದ. ಸೊಸಾಯಟಿ ನಿಯಮದಾಗ ಇದಕ್ಕ ಅವಕಾಶ ಇಲ್ಲ!" ಎಂದು ಪಿಸುದನಿಯಲ್ಲಿ ಗುಡುಗಿದರು. ಪಿಸುದನಿಯಲ್ಲಿ ಗುಡುಗುವುದನ್ನು ನಾನು ಕಂಡದ್ದು ಅದೊಂದೇ ಸಲ. ಬೂಟನ್ನು ಕೆಳಗೆಯೇ ಬಿಟ್ಟು ಬಂದಿದ್ದರು. ಹೂವನ್ನು ಎರಡು ನಿಮಿಷ ದಿಟ್ಟಿಸಿ, ಕೈಮುಗಿದು, ತುದಿಗಾಲಿನಲ್ಲಿ ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಸೊಸಾಯಟಿಯ ಮೊಹರಿದ್ದ ಸೂಚನೆ ಬಿತ್ತು: "ಎರಡನೇ ಮಹಡಿಯಲ್ಲಿ ದೇವರ ನಿರ್ಣಯ ಬಾಕಿ ಇದೆ. ಎಲ್ಲರೂ ಮೆಲ್ಲಗೆ ನಡೆಯತಕ್ಕದ್ದು."

ಹನ್ನೊಂದಾಯಿತು. ಪಕ್ಕದ ಕಟ್ಟಡದವರೂ ಬಂದು ನೋಡಿ ಹೋದರು. ಅಂಬಾಬಾಯಿ, ಹೇಗೂ ಕೇಳುವುದು ನಡೆದಿದೆ ಎಂದು, ತಮ್ಮ ಮೊಣಕಾಲಿನ ಬಗ್ಗೆಯೂ ಒಂದು ಮಾತು ಕೇಳಿ ಇಟ್ಟರು. ಈರಣ್ಣ ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಶಿವಾನಿ ಒಂದು ಸ್ಟೂಲನ್ನು, ಸದ್ದಾಗದಂತೆ ಎತ್ತಿ ತಂದು, ಅವನ ಹಿಂದೆ ಇಟ್ಟಳು. ಅವನು ಕೂರಲಿಲ್ಲ.

ಮೂರು ಗಂಟೆಗೆ ಲೋಕನಾಥ ಏದುಸಿರು ಬಿಡುತ್ತ ಬಂದರು, ಕೈಯಲ್ಲಿ ಇಡ್ಲಿಯ ಪೊಟ್ಟಣ.

"ಎಂತ ಈರಣ್ಣ, ಐದಕ್ಕೆ ಚರ್ಚೆ ಉಂಟಲ್ಲ! ನೀವು ಇನ್ನೂ ಪಂಚೆಯಲ್ಲಿ ಇದ್ದೀರಿ!"

"ಹೂ ಬಿದ್ದಿಲ್ರೀ."

"ಹೂವು ಬೀಳದಿದ್ದರೆ ಪುರುಷಪ್ರಯತ್ನದ ಬಗ್ಗೆ ಮಾತಾಡುವುದಿಲ್ಲವಾ? ಇದೆಂಥದು ಮಾರಾಯ್ರೆ! ನನ್ನ ಪಕ್ಷದವರು ನೀವು ಆಗಿಬಿಟ್ಟಿರಲ್ಲ!"

"ಅದರ ಅಪ್ಪಣೆ ಮೊದಲ ಆಗ್ಯದ್ರೀ. ಇದು ಮಗಳ ವಿಷಯ. ನಾ ಆಕಡೆ ಹೋದಾಗ ಬಿದ್ದರ? ಯಾವ ಕಡೆ ಬಿತ್ತು ಅಂತ ಯಾರು ನೋಡಾವ್ರು?"

ಆಗ ಶಿವಾನಿ ಮುಂದೆ ಬಂದು ಅವನ ತೋಳು ಹಿಡಿದಳು. "ಅಪ್ಪಾ, ಆ ಹೂ ನಿಮ್ಮನ್ನ ಬಿಟ್ಟು ಎಲ್ಲೂ ಓಡಿ ಹೋಗೂದಿಲ್ಲ. ನೀವು ಇಡ್ಲಿ ತಿಂದು ಹೋಗಿ ಮಾತಾಡಿ ಬರ್ರಿ. ಮಂದಿ ಕಾಯ್ತಾರ."

ಅವನು ಎರಡು ಇಡ್ಲಿ ತಿಂದು, ಕೋಟು ಹಾಕಿಕೊಂಡು, ಕರಾರು ಪತ್ರವನ್ನು ಒಳಜೇಬಿನಲ್ಲಿಟ್ಟುಕೊಂಡ. ಇಪ್ಪತ್ತು ದಿನ ಬರೆದ ನೋಟುಪುಸ್ತಕ ದೇವರ ಮುಂದೆಯೇ ಉಳಿಯಿತು. ಗಂಡಹೆಂಡಿರು ಲೋಕನಾಥರ ಕಾರಿನಲ್ಲಿ ಹೋದರು. ನಾನೂ ಶಿವಾನಿಯೂ ರಿಕ್ಷಾ ಹತ್ತಿದೆವು.

ರಿಕ್ಷಾ ತಿರುವು ದಾಟಿದ ಮೇಲೆ ಅವಳು ಪರ್ಸಿನಿಂದ ಏನನ್ನೋ ತೆಗೆದು ನನ್ನ ಕೈಗಿಟ್ಟಳು. ಮಡಚಿದ ಪೋಸ್ಟ್‌ಕಾರ್ಡಿನ ಚೂರುಗಳು.

"ಅಕ್ಕನ ಕಾಗದ ಹಿಂಗ ಹರೀತಾರೇನ್ರೀ ಮೌಶಿ?"

ನಾನು ಹೊರಗಿನ ಅಂಗಡಿಗಳನ್ನು ನೋಡುತ್ತ ಕುಳಿತೆ.

"ಬೆಳಗಿನ ಐದಕ್ಕ ಎದ್ದು ರಸಮಟ್ಟ ಇಟ್ಟು ನೋಡಿದೆ," ಎಂದಳು. ರಸಮಟ್ಟವೆಂದರೆ ಗಾಜಿನ ಕೊಳವೆಯೊಳಗೆ ಗುಳ್ಳೆಯಿರುವ ಉಪಕರಣ. ಗುಳ್ಳೆ ನಟ್ಟನಡುವೆ ನಿಂತರೆ ಮಟ್ಟ ಸರಿಯಿದೆ ಎಂದರ್ಥ. "ಕಿಟಕಿ ಕಡೆ ಅವ್ವನ ಹನ್ನೆರಡು ಟಿಕೀಟು, ಅಡಗಿಮನಿ ಕಡೆ ನಿಮ್ಮ ಪೋಸ್ಟ್‌ಕಾರ್ಡು. ನೀವ ಗೆದ್ದಿದ್ರಿ ಮೌಶಿ. ಹೂ ಕಿಟಕಿ ಕಡೇನ ಬೀಳತಿತ್ತು."

"ಮತ್ತ ಬಿಡಬೇಕಿತ್ತಲ್ಲವ್ವಾ, ಹಂಗ!"

"ಎಲ್ಲಾ ತಗದೆ. ನೆಲಾ ಎಷ್ಟು ವಾಲ್ಯದ ಅಂತ ಅಳದು, ಅಷ್ಟ ದಪ್ಪ ತಗಡು ಕೊಟ್ಟು, ವೀರಭದ್ರನ್ನ ಕೂದಲೆಳಿಯಷ್ಟೂ ವಾಲದ್ಹಂಗ ನಿಲ್ಲಿಸಿದೆ." ಪರ್ಸನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. "ನನ್ನ ಡಿಪ್ಲೊಮಾ ಟಿಕೀಟಿನ ಮ್ಯಾಲೆ ಆತು ಅಂತ ನನಗ ಹತ್ತನೇ ಇಯತ್ತೆಯಿಂದಲೂ ಗೊತ್ತದ. ಈ ಸಲ ಅಪ್ಪ ತಾನ ಹೂಂ ಅನ್ನಲಿ, ಇಲ್ಲಾ ಅಂದ್ರ ತಾನ ಬ್ಯಾಡ ಅನ್ನಲಿ. ಬ್ಯಾಡ ಅಂದ್ರ ನಾ ಹೋಗೂದಿಲ್ಲ."

ಇಂಥ ಅಳತೆ ಬಲ್ಲ ಹುಡುಗಿಯನ್ನು ಬಿಟ್ಟು ಮುಂದಿನ ಹುಡುಗನನ್ನು ಕರೆದರೆ ಆ ಕಾರಖಾನೆಗೇ ನಷ್ಟವೆಂದುಕೊಂಡೆ. ಪೋಸ್ಟ್‌ಕಾರ್ಡಿನ ಚೂರುಗಳನ್ನು ಕೈಚೀಲಕ್ಕೆ ಹಾಕಿಕೊಂಡೆ.

ಸಭೆಯಲ್ಲಿ ಅರವತ್ತು ಜನ ಸೇರಿದ್ದರು. ತೀರ್ಪುಗಾರರು ಕುಸುಮಾ ಟೀಚರ್, ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೊದಲು ಲೋಕನಾಥ ವಿಧಿಯ ಪರವಾಗಿ ಮಾತನಾಡಿದರು. "ಮುಂಬೈಗೆ ಹೊರಟವನು ನಾನು. ಮೀರಜಿನಲ್ಲಿ ಚಾ ಕುಡಿಯಲಿಕ್ಕೆ ಇಳಿದೆ. ಗಡಿಬಿಡಿಯಲ್ಲಿ ಬೇರೆ ರೈಲು ಹತ್ತಿ ಪುಣೆಗೆ ಬಂದೆ. ಇಲ್ಲಿಯೇ ಹೋಟೆಲು, ಇಲ್ಲಿಯೇ ಮದುವೆ, ಇಲ್ಲಿಯೇ ಮಕ್ಕಳು. ಇದು ವಿಧಿ ಅಲ್ಲದೆ ಎಂತದು? ಹಾಗಂತ ಆ ಚಾ ಏನೂ ಚೆನ್ನಾಗಿರಲಿಲ್ಲ!" ಜನ ನಕ್ಕು ಚಪ್ಪಾಳೆ ತಟ್ಟಿದರು.

ಈರಣ್ಣ ಎದ್ದ. ನೋಟುಪುಸ್ತಕಕ್ಕಾಗಿ ಕೋಟಿನ ಜೇಬು ತಡಕಿದ. ಅಲ್ಲಿ ಸಿಕ್ಕಿದ್ದು ಕರಾರು ಪತ್ರ. ಅದನ್ನೇ ತೆಗೆದು ಮುಂದಿಟ್ಟುಕೊಂಡು ಎರಡೂ ಕಡೆ ಮತ್ತೊಮ್ಮೆ ಓದಿದ. ಕಲ್ಲವ್ವ ನನ್ನ ಕೈ ಹಿಡಿದುಕೊಂಡಳು.

"ನಾ ಆವಕ-ಜಾವಕದ ಗುಮಾಸ್ತ ರೀ," ಎಂದ ಕೊನೆಗೆ. "ನನಗ ತಿಳಿದದ್ದು ಅಷ್ಟ. ನಾವು ಎಲ್ಲೆ ಹುಟ್ಟತೀವಿ, ಏನು ಬ್ಯಾನಿ ಬರತದ, ಎಂಥಾ ಕಾಲ ಬರತದ, ಇದೆಲ್ಲಾ ಆವಕ. ಬರೂ ಕಾಗದಾ ಬ್ಯಾಡ ಅನ್ನಲಿಕ್ಕೆ ಬರೂದಿಲ್ಲ. ತಾರೀಖ ಹಾಕಿ ತಗೋಬೇಕು. ಅದು ಲೋಕನಾಥ ಅವರು ಹೇಳಿದ ವಿಧಿ. ಆದರ ಜಾವಕ ಅಂತ ಇನ್ನೊಂದು ಪುಸ್ತಕ ಅದ. ನಮ್ಮ ಕಡಿಂದ ಏನು ಹೋಗತದ ಅನ್ನೂದು ಅದರಾಗಿರತದ. ಅದರ ಮ್ಯಾಲೆ ಯಾರದರ ಒಬ್ಬರ ಸಹಿ ಬೇಕ ಬೇಕು."

ನೀರು ಕುಡಿದ.

"ಇವತ್ತ ಮುಂಜಾನಿಂದಾ ನಾ ನಮ್ಮ ದೇವರ ಮುಂದ ಒಂದು ಕಾಗದ ಹಿಡಕೊಂಡು ನಿಂತೀನಿ. ಎಂಟು ತಾಸು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನ್ನ ಮ್ಯಾಲೆ ಸಿಟ್ಟಾಗ್ಯಾನ ಅಂತ ತಿಳಕೊಂಡಿದ್ದೆ. ಇಲ್ಲೆ ನಿಂತ ಮ್ಯಾಲೆ ಈಗ ಹೊಳೀತು. ನಮ್ಮ ಸಾಹೇಬರು ಒಮ್ಮೊಮ್ಮೆ ಫೈಲಿನ ಮ್ಯಾಲೆ ಏನೂ ಬರೀದ ತಿರುಗಿ ಕಳಸತಾರ್ರೀ. ಹಂಗ ಬಂತಂದ್ರ ಅದಕ್ಕ ಒಂದ ಅರ್ಥ. ಇದು ನಿನ್ನ ಹಂತದಾಗ ಮುಗಿಸೂ ಕೆಲಸ, ನನ್ನ ತನಕ ಯಾಕ ತಂದಿ?"

ಲೋಕನಾಥ ಕುರ್ಚಿಯ ತುದಿಗೆ ಸರಿದು ಕುಳಿತರು.

"ಮಗಳು ಮುಂಜಾನೆ ಕತ್ತಲಿರತಲೇ ಹೋಗತಾಳ. ಅಕಿ ಅವ್ವಗ ಅಂಜಿಕಿ ಅದ. ನನಗೂ ಭಾಳ ಅಂಜಿಕಿ ಅದ. ಅಂಜಿಕಿ ಆವಕ. ಅದು ಬಂದದ, ತಾರೀಖ ಹಾಕಿ ತಗೊಂಡೀನಿ." ಸುತ್ತ ನೋಡಿ, "ಯಾರ ಹತ್ರರೆ ಪೆನ್ ಅದಯೇನ್ರೀ?" ಎಂದ.

ಮೊದಲ ಸಾಲಿನಲ್ಲಿದ್ದ ಸುಂದರರಾವ್ ಎದ್ದು ತಮ್ಮ ಪೆನ್ನನ್ನು, ಮುಚ್ಚಳ ತೆಗೆದು, ಎರಡೂ ಕೈಯಿಂದ ಕೊಟ್ಟರು. ಈರಣ್ಣ ಅಲ್ಲಿಯೇ, ಅರವತ್ತು ಜನರ ಮುಂದೆ, ಅಗಲವಾಗಿ ಸಹಿ ಹಾಕಿದ. ಊದಿ ಒಣಗಿಸಿದ. "ನನ್ನ ಭಾಷಣ ಇಷ್ಟ ರೀ" ಎಂದು ಇಳಿದು ಬಂದು, ಕಾಗದವನ್ನು ಮಗಳ ಕೈಗೆ ಕೊಟ್ಟ. ಅವಳು ಅದನ್ನು ಓದುವವಳಂತೆ ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಕಲ್ಲವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆಯ ಗುರುತು ಮೂರು ದಿನ ಇತ್ತು.

ಕುಸುಮಾ ಟೀಚರ್ ಗಂಭೀರವಾಗಿ ತೀರ್ಪು ಓದಿದರು: "ಶ್ರೀ ಈರಣ್ಣನವರು ಸಹಿ ಹಾಕಿದ್ದು ದೇವರು ಸುಮ್ಮನಿದ್ದ ಕಾರಣದಿಂದ. ಆದುದರಿಂದ ಬಹುಮಾನ ವಿಧಿಯ ಪಕ್ಷಕ್ಕೆ." ಬಹುಮಾನ ಮೂರು ಅಂತಸ್ತಿನ ಸ್ಟೀಲಿನ ಡಬ್ಬಿ. ಲೋಕನಾಥ ಅದನ್ನು ವೇದಿಕೆಯಿಂದ ಇಳಿಸಿ ನೇರವಾಗಿ ಶಿವಾನಿಯ ಮಡಿಲಿಗೆ ಹಾಕಿದರು. "ನನ್ನ ಹೋಟೆಲಿನಲ್ಲಿ ಡಬ್ಬಿಗೆ ಬರವಾ? ನಾಳೆಯಿಂದ ನಿನಗೆ ಊಟಕ್ಕೆ ಬೇಕಲ್ಲ ಮಗಾ."

ನಾನೂ ಕಲ್ಲವ್ವನೂ ಮೊದಲು ಮನೆ ತಲುಪಿದೆವು. ಕಟ್ಟಡದ ತುಂಬ ಕುಕ್ಕರಿನ ಶಿಳ್ಳೆ. ನಾವು ಹೋದದ್ದೇ ತಡ ನಾಲ್ಕೂ ಮಹಡಿಯವರು ಒಮ್ಮೆಗೇ ಒಲೆ ಹಚ್ಚಿದ್ದರು. ಬಾಗಿಲು ತೆರೆದೆವು. ಕಿರೀಟದ ಮೇಲೆ ಹೂವಿರಲಿಲ್ಲ.

ಅದು ಅಡುಗೆಮನೆಯ ಕಡೆ ಬಿದ್ದಿತ್ತು.

ನಾನು ಕಲ್ಲವ್ವನ ಮುಖ ನೋಡಿದೆ. ನಿನ್ನೆ ಅವಳು ಬೇಡಿದ್ದು ಇದನ್ನೇ. ಕೆಳಗೆ ಮೆಟ್ಟಿಲ ಬುಡದಲ್ಲಿ ಜನ ಈರಣ್ಣನನ್ನು ಮುತ್ತಿಕೊಂಡು ಶಹಬ್ಬಾಸ್ ಹೇಳುವುದು ಕೇಳಿಸುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಟಿಕೀಟಿಲ್ಲದೆ ಬಿದ್ದ ಹೂವು ಅದೊಂದೇ ಇರಬೇಕು. ಅವಳು ಒಂದು ಗಳಿಗೆ ನಿಂತಳು. ಆಮೇಲೆ ಬಗ್ಗಿ ಹೂವನ್ನೆತ್ತಿ, ಕಣ್ಣಿಗೊತ್ತಿಕೊಂಡು, "ತಪ್ಪಾತಪ್ಪಾ ವೀರಭದ್ರಾ" ಎಂದು ಕೆನ್ನೆ ಬಡಿದುಕೊಂಡು, ಅದನ್ನು ಕಿಟಕಿಯ ಕಡೆ ಇಟ್ಟಳು. ನನ್ನತ್ತ ತಿರುಗಲಿಲ್ಲ. ನಾನೂ ಏನನ್ನೂ ನೋಡಿರಲಿಲ್ಲ.

ಈರಣ್ಣ ಒಳಗೆ ಬಂದು, ಹೂವನ್ನು ನೋಡಿ, ಅಲ್ಲಿಯೇ ಕುಳಿತುಬಿಟ್ಟ. "ಸಹಿ ಹಾಕಿದ ಮ್ಯಾಲೆ ಅಪ್ಪಣೆ ಆಗ್ಯದಲ್ರೀ ಮೌಶಿ!"

"ನಿನ್ನ ಸಹಿ ನೋಡಿ ಅವನೂ ಸಹಿ ಹಾಕಿರಬೇಕಪ್ಪಾ," ಎಂದೆ.

ಮರುದಿನ ಐದೂಮುಕ್ಕಾಲಿಗೆ ಕಿಟಕಿಯಿಂದ ನೋಡಿದೆ. ಶಿವಾನಿಯ ಜಡೆಯಲ್ಲಿ ನಿನ್ನೆಯ ಸೇವಂತಿಗೆ, ಕೈಯಲ್ಲಿ ಮೂರಂತಸ್ತಿನ ಡಬ್ಬಿ. ಬಸ್ಸಿನ ದೀಪ ತಿರುವಿನಲ್ಲಿ ಮರೆಯಾಗುವ ತನಕ ಗಂಡಹೆಂಡಿರು ರಸ್ತೆಯಲ್ಲಿ ನಿಂತಿದ್ದರು. ಕಲ್ಲವ್ವ ಮೊದಲು ಮೇಲೆ ಬಂದಳು. ಈರಣ್ಣ ಮೆಟ್ಟಿಲು ಹತ್ತಿ ಬಂದವನು ನನ್ನ ಬಾಗಿಲಲ್ಲಿ ನಿಂತ. ಎದೆ ಎರಡಿಂಚು ಅಗಲವಾದಂತಿತ್ತು.

"ಮೌಶಿ, ಇನ್ನ ಮ್ಯಾಲೆ ಎಲ್ಲಾ ನನ್ನ ಹಂತದಾಗ. ಒಂದು ಸ್ಕೂಟರ್ ತಗೋಬೇಕಂತ ಮಾಡೀನಿ. ಒಂದಿನ ಮಗಳ ಬಸ್ಸು ತಪ್ಪಿತಂದ್ರ ಕಾರಖಾನಿ ತನಕಾ ಬಿಟ್ಟು ಬರಲಿಕ್ಕೆ ಆಗತದ. ಯಾರನ್ನೂ ಕೇಳೂದಿಲ್ಲ!"

"ರೀ," ಎಂದು ಎದುರುಮನೆಯೊಳಗಿಂದ ಕಲ್ಲವ್ವನ ದನಿ ಬಂತು, ಬಹಳ ಮೆತ್ತಗೆ. "ಅಷ್ಟು ದೊಡ್ಡ ವಿಷಯ. ವೀರಭದ್ರನ್ನ ಒಂದು ಮಾತು ಕೇಳಿಬಿಡ್ರಲಾ."

ಈರಣ್ಣ ತಲೆ ಕೆರೆದುಕೊಂಡ. "ಅದೂ ಖರೇನರೀ," ಎಂದು ಸ್ನಾನಕ್ಕೆ ಹೋದ.

ಸ್ವಲ್ಪ ಹೊತ್ತಿಗೆ ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಅದರ ಹಿಂದೆಯೇ ಅರಿಸಿನದ ಡಬ್ಬಿಯ ಮುಚ್ಚಳ ತೆಗೆದ ಸದ್ದೂ ಕೇಳಿಸಿತು.